ಆಪಾ ಮತ್ತು ಎರಡು ‘ಆತು’ಗಳು

ಆಪಾ ಅವರ ಹತ್ತೂ ಬೆರಳ ತುದಿಗಳು ಮದರಂಗಿಯಿಂದ ಕೆಂಪಗಿರುತ್ತಿದ್ದವು. ಅಂಗೈಯಲ್ಲಿ ಬಳ್ಳಿಯಿಲ್ಲ, ಹೂವಿಲ್ಲ. ಬೆರಳಿಗೆ ಟೋಪಿ ಹಾಕಿದಂತೆ ತುದಿಗಷ್ಟೇ ಬಣ್ಣ. ಕೀಬೋರ್ಡಿನ ಮೇಲೆ ಆ ಬೆರಳುಗಳು ಓಡತೊಡಗಿದರೆ ಅವನ್ನು ನೋಡಬೇಕೋ ಸ್ಕ್ರೀನ್ ಮೇಲಿನ ಅಕ್ಷರ ನೋಡಬೇಕೋ ತಿಳಿಯದೆ ನಾನು ಎರಡನ್ನೂ ತಪ್ಪಿಸಿಕೊಳ್ಳುತ್ತಿದ್ದೆ. ಅವರು ತಿರುಗದೆಯೇ ಹೇಳುತ್ತಿದ್ದರು: “ತಂಗಿ, ಸ್ಕ್ರೀನ್ ನೋಡು. ನನ್ನ ಕೈ ನೋಡಿದ್ರ ಮದರಂಗಿ ಹಚ್ಚೂದು ಬರ್ತೈತಿ, ಕಂಪ್ಯೂಟರ್ ಬರೂದಿಲ್ಲ.”

ಲಿಂಗಸುಗೂರಿನಲ್ಲಿ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕಿಯಿಂದ ಬಸ್ಸು ಹಿಡಿದು ಹೋಗಿ ಅಲ್ಲಿ ಟೈಪಿಂಗ್ ಕಲಿತೆ. ಅವರ ಮನೆಮಾತು ದಖನಿ. ಮನೆಯ ಮಕ್ಕಳು ಅಕ್ಕನಿಗೆ ಆಪಾ ಅನ್ನುವುದನ್ನು ಕೇಳಿ ಕೇಳಿ ಕಲಿಯಲು ಬಂದವರೆಲ್ಲ ಹಾಗೇ ಕರೆಯುತ್ತಿದ್ದೆವು. ತಹಶೀಲ್ ಕಚೇರಿಯ ಗುಮಾಸ್ತರು ಕೂಡ ಆಪಾ ಅನ್ನುತ್ತಿದ್ದರು, ಅವರಿಗಿಂತ ಹತ್ತು ವರ್ಷ ದೊಡ್ಡವರಾಗಿದ್ದರೂ. ಮುಂದೆ ಟೈಪ್‌ರೈಟರಿನ ಕಾಲ ಮುಗಿಯುತ್ತ ಬಂತೆಂದು ಎಲ್ಲರಿಗಿಂತ ಮೊದಲು ತಿಳಿದದ್ದು ಅವರಿಗೇ. ಇನ್‌ಸ್ಟಿಟ್ಯೂಟನ್ನು ತಮ್ಮನ ಕೈಗೆ ಬಿಟ್ಟು, ಹೈದರಾಬಾದಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಂಪ್ಯೂಟರ್ ಕಲಿತು ಬಂದರು.

ಆ ಹೊತ್ತಿಗೆ ನಾನು ಸಿಂಧನೂರಿನ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಹಳ್ಳಿಗಳ ಕೈಪಂಪುಗಳನ್ನು ರಿಪೇರಿ ಮಾಡಿಸುವುದು ಸಂಸ್ಥೆಯ ಕೆಲಸ. ನಮ್ಮ ಕಡೆ ಕೈಪಂಪು ಅಂದರೆ ಯಾರಿಗೂ ತಿಳಿಯದು, ಬೋರಿಂಗ ಅನ್ನಬೇಕು. ಮಸ್ಕಿಗೊಬ್ಬ, ಲಿಂಗಸುಗೂರಿಗೊಬ್ಬ ಮಿಸ್ತ್ರಿ; ಸಿಂಧನೂರಿನ ಕಚೇರಿಯಲ್ಲಿ ಫೋನಿನ ಮುಂದೆ ನಾನು. ಬೋರಿಂಗ ಕೆಟ್ಟರೆ ಹಳ್ಳಿಯವರು ನನಗೆ ಹೇಳಬೇಕು, ನಾನು ಮಿಸ್ತ್ರಿಗೆ ಹೇಳಬೇಕು. ಚೀಟಿಗಳಲ್ಲಿ ಬರೆದಿಡುತ್ತಿದ್ದೆ. ಫ್ಯಾನ್ ಹಾಕಿದರೆ ಅರ್ಧ ದೂರುಗಳು ಮೇಜಿನ ಕೆಳಗೆ ಸೇರುತ್ತಿದ್ದವು. ತೊಂಬತ್ತರ ದಶಕದ ಕೊನೆಯಲ್ಲಿ ಯಾರೋ ಪುಣ್ಯಾತ್ಮರು ಸಂಸ್ಥೆಗೆ ಒಂದು ದೊಡ್ಡ ಕಂಪ್ಯೂಟರು, ಎರಡು ಚಿಕ್ಕವು ದಾನ ಕೊಟ್ಟರು. ನಮ್ಮ ಸಾಹೇಬರು ಅವನ್ನು ಕೂಡಿಸಿ ದೂರು ನೋಡಿಕೊಳ್ಳುವ ಪ್ರೋಗ್ರಾಂ ಹಾಕಲು ಆಪಾ ಅವರನ್ನು ಕರೆಸಿದರು.

ಬಂದ ದಿನ ಆಪಾ ಕೈಯಲ್ಲಿದ್ದದ್ದು ಒಂದು ಚಪ್ಪಲಿ ಡಬ್ಬಿ. ಡಬ್ಬಿಯ ತುಂಬ ಫ್ಲಾಪಿಗಳು. ಎಲ್ಲಿಯದೋ ಕಾರ್ಖಾನೆಯ ಮಶೀನುಗಳ ರಿಪೇರಿಗೆಂದು ಬರೆದಿದ್ದ ಪ್ರೋಗ್ರಾಂ ಅದು. ಅದನ್ನು ನಮ್ಮ ಬೋರಿಂಗಗಳಿಗೆ ಒಗ್ಗಿಸಬೇಕಿತ್ತು. ದೊಡ್ಡ ಕಂಪ್ಯೂಟರಿಗೆ ಸರ್ವರ್ ಅನ್ನಬೇಕೆಂದು ಹೇಳಿಕೊಟ್ಟರು. ಎಲ್ಲ ದೂರೂ ಅದರ ಹೊಟ್ಟೆಯಲ್ಲಿ, ಚಿಕ್ಕ ಎರಡರಲ್ಲಿ ಕೂತವರು ಅಲ್ಲಿಂದಲೇ ತೆಗೆದು ನೋಡಬೇಕು. ಸಾಹೇಬರು ಕೋಣೆಯ ಬಾಗಿಲಿಗೆ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡು ಬರೆಸಿ ಊದುಬತ್ತಿ ಹಚ್ಚಿದ್ದರು. ಆಪಾ ಊದುಬತ್ತಿಯನ್ನು ಮೆಲ್ಲಗೆ ಕಿಟಕಿಯ ಆಚೆ ಇಟ್ಟು, “ಚಪ್ಪಲಿ ಹಾಕ್ಕೊಂಡ ಬರ್ರಿ ಸಾಬ್, ಏನ್ ಆಗೂದಿಲ್ಲ. ಚಾ ಮಾತ್ರ ಒಳಗ ತರಬ್ಯಾಡ್ರಿ” ಅಂದರು.

ಫ್ಲಾಪಿಗಳನ್ನು ಒಂದೊಂದಾಗಿ ತಿನ್ನಿಸುವಾಗ ಪಕ್ಕದ ಅಕ್ಕಿ ಗಿರಣಿ ಶುರುವಾಗುತ್ತಿತ್ತು. ಕರೆಂಟು ಕುಗ್ಗಿ ಸರ್ವರ್ ಕಣ್ಣು ಮುಚ್ಚುತ್ತಿತ್ತು, ಮತ್ತೆ ಮೊದಲಿನಿಂದ. ಮೂರನೆಯ ಸಲ ಹೀಗಾದಾಗ ನಾನು ಗಿರಣಿಯವರಿಗೆ ಬಾಯಿಗೆ ಬಂದಂತೆ ಬೈದೆ. ಆಪಾ ಬೈಯಲಿಲ್ಲ. ದುಪಟ್ಟಾ ಸರಿಮಾಡಿಕೊಂಡು ಗಿರಣಿಗೇ ಹೋಗಿ, ಮಾಲೀಕರ ಹೆಂಡತಿಯ ಜೊತೆ ಮಾತಾಡಿ ಬಂದರು. ಮರುದಿನದಿಂದ ಅಲ್ಲಿಯ ಹಮಾಲನೊಬ್ಬ ಬಾಗಿಲಲ್ಲಿ ನಿಂತು, “ಚಾಲೂ ಮಾಡ್ತೀವ್ರಿ ಆಪಾ” ಎಂದು ಹೇಳಿ ಹೋಗುತ್ತಿದ್ದ. ಆಮೇಲೆಯೇ ಗಿರಣಿ ಸದ್ದು ಮಾಡುತ್ತಿತ್ತು.

ಪ್ರೋಗ್ರಾಂ ಒಳಗೆ ಕೂತ ಮೇಲೆ ಅದಕ್ಕೆ ನಮ್ಮ ಊರು ಕಲಿಸಬೇಕಲ್ಲ. ಇಲ್ಲಿ ಆಪಾ ತೋರಿದ ತಾಳ್ಮೆ ನನಗೆ ಈ ಜನ್ಮದಲ್ಲಿ ಬರುವಂಥದ್ದಲ್ಲ. ಕನ್ನಡ ಅಕ್ಷರ ಆ ಕಂಪ್ಯೂಟರಿಗೆ ಬರುತ್ತಿರಲಿಲ್ಲ. ವಳಕಮದಿನ್ನಿಯನ್ನು ನಾನೊಂದು ಥರ, ಬಿಡಿಭಾಗಗಳ ಸ್ಟೋರು ನೋಡಿಕೊಳ್ಳುವವರೊಂದು ಥರ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಒಂದೇ ಬೋರಿಂಗಕ್ಕೆ ಎರಡು ದೂರು ಹುಟ್ಟಿಸಿದ್ದೆವು. ಆಪಾ ಊರುಗಳನ್ನೆಲ್ಲ ತಾವೇ ಒಳಗೆ ತುಂಬಿ, ನಾವು ಆರಿಸಿಕೊಂಡರೆ ಸಾಕು ಎನ್ನುವಂತೆ ಮಾಡಿದರು. ಒಬ್ಬೊಬ್ಬರಿಗೂ ಗುಟ್ಟಿನ ಪಾಸ್‌ವರ್ಡ್ ಕೊಟ್ಟರು. ಸ್ಟೋರಿನವರು ಊಟಕ್ಕೆ ಹೋಗುವಾಗ ತಮ್ಮದನ್ನು ಅಂಗಳದಿಂದಲೇ ಕೂಗಿ ಹೇಳಿ ಹೋಗುತ್ತಿದ್ದರು. ಆಪಾ ಪ್ರತಿ ಸಲ ನಗುತ್ತಲೇ ಅದನ್ನು ಬದಲಿಸುತ್ತಿದ್ದರು.

ದೂರು ಯಾವ ಹಂತದಲ್ಲಿದೆ ಎಂದು ತೋರಿಸುವ ಜಾಗದಲ್ಲಿ ಕಾರ್ಖಾನೆಯವರ ಇಂಗ್ಲಿಷ್ ಮಾತುಗಳಿದ್ದವು. ನಮಗೆ ತಿಳಿಯಲೆಂದು ಆಪಾ ಅವನ್ನು ತೆಗೆದು, ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರು. ಹೊಸ ದೂರಿಗೆ ‘ಬಂತು’. ಕೆಲಸ ಮುಗಿದರೆ ‘ಆತು’. ‘ಆತು’ ಒತ್ತಿದರೆ ದೂರು ಸ್ಕ್ರೀನಿನಿಂದ ಮರೆಯಾಗುತ್ತದೆ, ಸಾಹೇಬರ ಲೆಕ್ಕದಲ್ಲಿ ಒಂದು ಬೋರಿಂಗ ನೆಟ್ಟಗಾಗುತ್ತದೆ. ನಾವೆಲ್ಲ ಮೆಚ್ಚಿ ತಲೆದೂಗಿದೆವು. ಮೊದಲ ತಿಂಗಳು ಅಷ್ಟು ಬೋರಿಂಗಗಳು ಅಷ್ಟು ಬೇಗ ಸರಿಯಾದದ್ದನ್ನು ಕಂಡು ಸಾಹೇಬರಿಗೆ ನೆಲ ಕಾಣದಷ್ಟು ಖುಷಿ. ಹೀಗೇ ನಡೆದರೆ ಸಂಸ್ಥೆಯ ಉಳಿದ ಶಾಖೆಗಳ ಕೆಲಸವೂ ನಿಮಗೇ ಎಂದು ಆಪಾಗೆ ಮಾತು ಕೊಟ್ಟರು.

ಆಗ ಒಂದು ದಿನ ಗುರುಗುಂಟಾದ ಹತ್ತಿರದ ಒಂದು ದೊಡ್ಡಿಯಿಂದ ಮುದುಕಿಯೊಬ್ಬಳು ಎರಡು ಬಸ್ಸು ಬದಲಿಸಿ ನಮ್ಮ ಕಚೇರಿಗೆ ಬಂದಳು. ದೊಡ್ಡಿ ಅಂದರೆ ಹೊಲಗಳ ನಡುವಿನ ನಾಲ್ಕಾರು ಮನೆ. ಇದ್ದ ಒಂದೇ ಬೋರಿಂಗ ಕೆಟ್ಟು ಮೂರು ವಾರವಾಗಿತ್ತು. ಕುರಿ ಕುಡಿಯುವ ಹೊಂಡದ ನೀರು ತಂದು ಕುಡಿದು ಮಕ್ಕಳಿಗೆ ವಾಂತಿ ಭೇದಿ ಹತ್ತಿತ್ತು. ಸಾಹೇಬರು ಸ್ಕ್ರೀನ್ ನೋಡಿದರು.

“ಇಲ್ಲಿ ಆಗೇತಿ ಅಂತ ಐತಲ್ಲಮ್ಮ.”

“ಎಲ್ಲಿ ಆಗೇತ್ರೀ? ಬರ್ರಿ, ಬಂದು ಹಿಡಿಕಿ ಒತ್ರಿ. ಗಾಳಿ ಬರ್ತೈತಿ.”

“ಕಂಪ್ಯೂಟರ್ ಸುಳ್ಳು ಹೇಳೂದಿಲ್ಲ.”

“ಹಂಗಾರ ನಾ ಹೇಳ್ತೀನೇನ್ರಿ?” ಅಂದಳು ಮುದುಕಿ. ಸಿಟ್ಟಿರಲಿಲ್ಲ ಅವಳಲ್ಲಿ, ಸುಸ್ತಿತ್ತು.

ಮುದುಕಿಯ ಮುಖ ನೋಡಿದವರು ಯಾರೂ ಅವಳು ಸುಳ್ಳಾಡುತ್ತಾಳೆ ಅನ್ನುವಂತಿರಲಿಲ್ಲ. ಕಂಪ್ಯೂಟರೂ ಸುಳ್ಳಲ್ಲ ಅಂದ ಮೇಲೆ ಉಳಿದವರು ಇಬ್ಬರು: ‘ಆತು’ ಒತ್ತಿದ ನಾನು, ಲಿಂಗಸುಗೂರಿನ ಮಿಸ್ತ್ರಿ. ಆತನೇ ಫೋನಿನಲ್ಲಿ ‘ಆತು’ ಅಂದನೆಂದು ನಾನು ಆಣೆ ಮಾಡಿದೆ. ಕೆಲಸ ಮುಗಿಯಿತೆಂದು ಹೇಳಿಯೇ ಇಲ್ಲವೆಂದು ಆತ ಫೋನಿನಲ್ಲೇ ಆಣೆ ಮಾಡಿದ. ಮಿಸ್ತ್ರಿ ಕಾಯಂ ನೌಕರ, ನಾನು ಹಂಗಾಮಿ. ನಾಳೆಯಿಂದ ಬರಬೇಡ ಎಂದು ಸಾಹೇಬರು ಹೇಳುವುದೊಂದೇ ಬಾಕಿ ಇತ್ತು. ಅಪ್ಪ ಇಲ್ಲದ ಮನೆ ನಮ್ಮದು, ತಂಗಿಯ ಓದು ನನ್ನ ಸಂಬಳದ ಮೇಲೆ ನಿಂತಿತ್ತು. ಅದಕ್ಕಿಂತ, ಸುಳ್ಳುಗಾತಿ ಅನ್ನಿಸಿಕೊಂಡು ಮಸ್ಕಿಗೆ ಹೇಗೆ ಹೋಗಲಿ?

ಸಾಹೇಬರ ಕರೆಗೆ ಮರುದಿನ ಬೆಳಿಗ್ಗೆ ಆಪಾ, ಮಿಸ್ತ್ರಿ ಒಂದೇ ಬಸ್ಸಿನಲ್ಲಿ ಬಂದಿಳಿದರು. ಆಪಾ ಸರ್ವರಿನ ಕಡೆ ಹೋಗಲೇ ಇಲ್ಲ. ನನ್ನನ್ನೂ ಮಿಸ್ತ್ರಿಯನ್ನೂ ಬೆನ್ನಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರಿಸಿ, “ಆವತ್ತ ಫೋನಿನ್ಯಾಗ ಏನ್ ಮಾತಾಡಿದ್ರಿ, ಹಂಗ ಆಡ್ರಿ. ಒಂದು ಮಾತು ಕಮ್ಮಿ ಇಲ್ಲ, ಒಂದು ಜಾಸ್ತಿ ಇಲ್ಲ” ಅಂದರು.

ನಾನು ಅಂದೆ, “ಗುರುಗುಂಟಾ ಕಡೆ ದೊಡ್ಡ್ಯಾಗ ಬೋರಿಂಗ ಕೆಟ್ಟೈತ್ರಿ. ಚೈನು ಹರದೈತಿ.”

ಮಿಸ್ತ್ರಿ ಅಂದ, “ಆತು.” ಹಳ್ಳಿಯವರು ನೇರ ಮಿಸ್ತ್ರಿಗೇ ಹೇಳಿ ಕೆಲಸ ಮುಗಿಸಿಕೊಳ್ಳುವುದೂ ಇತ್ತು; ಹಾಗೇ ಆಗಿದೆ ಎಂದುಕೊಂಡು ಆವತ್ತು ನಾನು ಒತ್ತಿಬಿಟ್ಟಿದ್ದೆ.

“ಇಷ್ಟ?” ಅಂದರು ಆಪಾ.

“ಇಷ್ಟರೀ. ಆತು ಅಂದು ಫೋನ್ ಇಟ್ಟೆ,” ಅಂದ ಮಿಸ್ತ್ರಿ. “ಹೋಗ್ತೀನಿ ಅಂದಂಗಾತಲ್ಲ. ಆಮ್ಯಾಲೆ ಬ್ಯಾರೆ ಊರಾಗ ಕರದ್ರು, ಹೋದೆ. ದೊಡ್ಡಿದು ಸ್ಕ್ರೀನಿನ್ಯಾಗ ಇದ್ದಿದ್ರ ಈಕಿ ಮತ್ತ ನೆಪ್ಪ ಮಾಡ್ತಿದ್ಲು.”

ಆಪಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಆಮೇಲೆ ನಗು ನಿಂತು ಮುಖ ಸಣ್ಣದಾಯಿತು. “ನಮ್ಮ ಮನೀ ಮಾತಿನ್ಯಾಗ ಇದಕ್ಕ ಎರಡು ಮಾತು ಅದಾವ್ರಿ ಸಾಬ್,” ಎಂದು ಸಾಹೇಬರಿಗೆ ಹೇಳಿದರು. “ಒಪ್ಪಿದ್ರ ಅಚ್ಛಾ. ಮುಗಿದ್ರ ಹೋಗಯಾ. ಕನ್ನಡದಾಗ ಎರಡಕ್ಕೂ ಒಂದ, ಆತು. ಆತ ಅಚ್ಛಾ ಅಂದಾನ, ಈಕಿ ಹೋಗಯಾ ಅಂತ ಕೇಳ್ಯಾಳ. ಇಬ್ರೂ ಸುಳ್ಳು ಹೇಳಿಲ್ಲ. ಆ ಮಾತು ಅಲ್ಲಿ ಇಟ್ಟಾಕಿ ನಾನು. ತಪ್ಪು ನಂದು.”

ಸಾಹೇಬರು, ಹಾಗಾದರೆ ಅದನ್ನೇ ಬರೆದು ಕೊಡಿ ಅಂದರು. ಆಪಾ ಅಲ್ಲೇ ಕೂತು ಟೈಪ್ ಮಾಡಿ ಸಹಿ ಹಾಕಿದರು. ನನ್ನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ಆ ಮಧ್ಯಾಹ್ನವೇ ಅವರು ‘ಆತು’ವನ್ನು ತೆಗೆದುಹಾಕಿದರು. ಮಿಸ್ತ್ರಿ ಒಪ್ಪಿದರೆ ‘ಹೋಗ್ತೀನಿ’. ಮುಗಿಸುವುದಕ್ಕೆ ಬೇರೆಯೇ ಏರ್ಪಾಡು: ದೂರು ಮುಚ್ಚಲು ಹೋದರೆ ಸರ್ವರ್ ಒಂದು ಪ್ರಶ್ನೆ ಕೇಳುತ್ತದೆ, ‘ನೀರು ಕುಡಿದವರು ಯಾರು?’ ಆ ಊರಿನವರ ಹೆಸರು ಹಾಕದ ಹೊರತು ದೂರು ಸ್ಕ್ರೀನ್ ಬಿಟ್ಟು ಹೋಗುವುದಿಲ್ಲ. ಮಿಸ್ತ್ರಿಗೆ ಇದು ಸರಿಬರಲಿಲ್ಲ. “ನಾ ರಿಪೇರಿ ಮಾಡೀನಿ ಅಂದ್ರ ನಂಬಿಕಿ ಇಲ್ಲೇನ್ರಿ ಆಪಾ?” ಅಂದ. “ನಿನ್ನ ಮ್ಯಾಲೆ ಐತಿ,” ಅಂದರು ಆಪಾ, “ಬೋರಿಂಗದ ಮ್ಯಾಲೆ ಇಲ್ಲ.”

ಮಾರನೆಯ ದಿನ ಸಂಸ್ಥೆಯ ಜೀಪಿನಲ್ಲಿ ಮಿಸ್ತ್ರಿಯ ಜೊತೆ ನಾವಿಬ್ಬರೂ ದೊಡ್ಡಿಗೆ ಹೋದೆವು. ಹೊಸ ಚೈನು ಬಿತ್ತು, ವಾಶರ್ ಬಿತ್ತು. ಮಿಸ್ತ್ರಿ ಹಿಡಿಕೆ ಒತ್ತಿ ಒತ್ತಿ ಬೆವರಿದ ಮೇಲೆ ಕೆಮ್ಮಿ ಕೆಮ್ಮಿ ನೀರು ಬಂತು. ಮುದುಕಿ ತಂಬಿಗೆ ತೊಳೆದು, ತುಂಬಿ, ಮೊದಲಿಗೆ ಆಪಾ ಕೈಗೆ ಕೊಟ್ಟಳು. ಆಪಾ ಎರಡೂ ಕೈಯಲ್ಲಿ ಹಿಡಿದರು, ಕುಡಿಯಲಿಲ್ಲ. ಮುದುಕಿಯ ಮುಖ ಇಳಿಯಿತು.

“ನಮ್ಮ ಕೈಯಾಗಿನ ನೀರು ಬ್ಯಾಡೇನವ್ವಾ?”

“ಅಲ್ಲ ಆಯಿ. ರೋಜಾ ಹಿಡದೀನಿ. ಹೊತ್ತು ಮುಳುಗೂತನ ಹನಿ ನೀರು ಮುಟ್ಟಂಗಿಲ್ಲ.”

ಮುದುಕಿ ಅವರನ್ನೇ ನೋಡಿದಳು. ಇದು ನೆಪವೋ ನಿಜವೋ ಅವಳಿಗೆ ಗೊತ್ತಾಗಲಿಲ್ಲ. ಅಂಥ ನೆಪಗಳನ್ನು ಆಕೆ ಬೇಕಾದಷ್ಟು ಕೇಳಿರಬೇಕು. “ಹಂಗಾರ ಮುಳುಗಲಿ. ಕುಂದ್ರು,” ಅಂದಳು.

ಆಪಾ ಬೋರಿಂಗದ ಕಟ್ಟೆಯ ಮೇಲೆ ಕೂತೇಬಿಟ್ಟರು. ಜೀಪಿನ ಡ್ರೈವರ್ ಹಾರ್ನ್ ಹೊಡೆದ. ಅವನನ್ನು ಗುರುಗುಂಟಾಕ್ಕೆ ಚಾ ಕುಡಿಯಲು ಕಳಿಸಿದರು. ಹೆಂಗಸರು ಸಾಲಾಗಿ ಕೊಡ ತುಂಬಿಕೊಂಡು ಹೋದರು. ಕುರಿಗಳು ಹಿಂತಿರುಗಿದವು. ಬಾಂಗು ಕೇಳಿಸುವಷ್ಟು ಹತ್ತಿರ ಯಾವ ಮಸೀದಿಯೂ ಇರಲಿಲ್ಲ. ಮುದುಕಿಯೇ ಎದ್ದು, ಹಣೆಗೆ ಕೈ ಅಡ್ಡ ಹಿಡಿದು ಪಡುವಣ ನೋಡಿ, “ಮುಳುಗೇತಿ, ಕುಡಿ ನನ್ನವ್ವ” ಅಂದಳು. ಸೆರಗಿನ ಗಂಟು ಬಿಚ್ಚಿ ಒಂದು ಚೂರು ಬೆಲ್ಲ ಕೊಟ್ಟಳು. ಆಪಾ ಕಣ್ಣು ಮುಚ್ಚಿ ದುವಾ ಓದಿ, ಬೆಲ್ಲ ಬಾಯಿಗಿಟ್ಟು, ತಂಬಿಗೆ ನೀರನ್ನು ಪೂರ್ತಿ ಕುಡಿದರು. ನನಗೆ ಅಳು ಬಂತು.

ಮರುದಿನ ದೂರು ಮುಚ್ಚುವಾಗ ನಾನು ಮುದುಕಿಯ ಹೆಸರಿನ ಜೊತೆ ಆಪಾ ಹೆಸರನ್ನೂ ಹಾಕಿದೆ. ಅವರು ತಮ್ಮದನ್ನು ಅಳಿಸಿದರು. “ನಾ ಆ ಊರಾಕಿ ಅಲ್ಲ ತಂಗಿ. ಮೊದಲ್ನೇ ದಿನಾನ ನಿಯಮ ಮುರೀಬ್ಯಾಡ.”

ನನ್ನ ಕೆಲಸ ಉಳಿಯಿತು. ಆಪಾದು ಹೋಯಿತು. ಅವರೇ ಬರೆದುಕೊಟ್ಟ ಕಾಗದ ಮೇಲಿನವರಿಗೆ ತಲುಪಿ, ಉಳಿದ ಶಾಖೆಗಳ ಕೆಲಸ ಬೇರೆ ಯಾರಿಗೋ ದಕ್ಕಿತು. ನಾನು ಲಿಂಗಸುಗೂರಿಗೆ ಹೋಗಿ ಅವರ ಮುಂದೆ ಕೂತು ಅತ್ತೆ. ಅವರು ನನಗೆ ರಂಜಾನ್ ಹಬ್ಬದ ಪಾಯಸ ಶೀರ್‌ಖುರ್ಮಾ ಬಡಿಸುತ್ತ ಹೇಳಿದರು: “ನಾ ಹೋದ್ರ ಪ್ರೋಗ್ರಾಂ ಇರ್ತೈತಿ. ಊರವರನ್ನ ಕೇಳಿ ತುಂಬೋ ನಿನ್ನ ತೆಗೆದಿದ್ರ ಅದು ಬರೇ ಟೀವಿ. ಊಟ ಮಾಡು.” ಅವರ ಔದಾರ್ಯ ಹೀಗೇ, ಲೆಕ್ಕಾಚಾರದ ವೇಷ ಹಾಕಿಕೊಂಡು ಬರುತ್ತಿತ್ತು. ಬೇರೆಯವರು ಋಣ ತಿಳಿದು ತಲೆ ತಗ್ಗಿಸಬಾರದಲ್ಲ, ಅದಕ್ಕೆ.

ಕೆಲವು ವರ್ಷ ಕಳೆದು ಆಪಾ ಹಾಸಿಗೆ ಹಿಡಿದರೆಂದು ತಿಳಿದು ನೋಡಲು ಹೋದೆ. ದನಿ ಇಳಿದಿತ್ತು. ಮನೆಯವರ ಕ್ಷೇಮ ಕೇಳಿದ ಮೇಲೆ, “ನಮ್ಮ ಸರ್ವರ್ ನಡೀತೈತೇನ?” ಅಂದರು.

ಹೂಂ ಅನ್ನಬಹುದಿತ್ತು. ಅವರಿಗೆ ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ. “ಇಲ್ಲ ಆಪಾ. ಹೋದ ವರ್ಷ ತೆಗೆದ್ರು. ಹೊಸಾದು ಬಂದೈತಿ. ಅದರಾಗ ಮಿಸ್ತ್ರಿನ ಮುಗೀತು ಅಂತ ಒತ್ತಿಬಿಡ್ತಾನ.”

ಆಪಾ ನನ್ನ ಕಡೆ ಮುಖ ತಿರುಗಿಸಿದರು. “ಮತ್ತ ನೀರು ಬಂತಂತ ನಿನಗ ಹೆಂಗ ಗೊತ್ತಾಗ್ತೈತಿ?” ಅಂದರು.

“ನಾನ ಆ ಊರಿನ ಅಂಗಡಿಗೆ ಫೋನ್ ಹಚ್ಚಿ, ಬೋರಿಂಗದ ಹತ್ರ ಇರೋ ಮನಿಯವರನ್ನ ಕರಿಸಿ ಕೇಳ್ತೀನಿ. ಯಾರು ಕುಡದ್ರು ಅಂತ.”

“ಎಲ್ಲಾ ಊರಿಗೂ?”

“ಎಲ್ಲಾ ಊರಿಗೂ.”

ಆಪಾ ಕಣ್ಣು ಮುಚ್ಚಿದರು. “ಹಂಗಾರ ನಡ್ಯಾಕತ್ತೈತಿ ಬಿಡು,” ಅಂದರು.

ಅದೇ ವಾರ ಅವರು ತೀರಿಕೊಂಡರು.