ಕೂಡುವ ಕಸುಬಿನ ಫಕ್ರುಸಾಬ ವಿಮಾನ ಹತ್ತಿದ್ದು

ಗಜೇಂದ್ರಗಡದ ಬಸ್ ನಿಲ್ದಾಣದ ಹೊರಗೆ ರೋಣದ ಟೆಂಪೊಗಳು ನಿಲ್ಲುವ ಜಾಗದಲ್ಲಿ ಫಕ್ರುಸಾಬ ಕೂಡುವ, ಅಂದರೆ ಸುಮ್ಮನೆ ಕೂತಿರುವ, ಕೆಲಸ ಮಾಡುತ್ತಿದ್ದ. ಕೂಡುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿಗೆ ನಮ್ಮ ಕಡೆಯ ಜನ ಗೊತ್ತಿಲ್ಲ. ಇಲ್ಲಿ ಯಾರೂ ಖಾಲಿ ಗಾಡಿ ಹತ್ತುವುದಿಲ್ಲ. ಖಾಲಿ ಗಾಡಿ ಯಾವಾಗ ಬಿಡುತ್ತದೋ ದೇವರಿಗೇ ಗೊತ್ತು, ತುಂಬಿದ ಗಾಡಿಯಾದರೆ ಈಗಲೇ ಬಿಟ್ಟೀತು ಎಂಬುದು ಲೆಕ್ಕ. ಹೀಗೆ ಎಲ್ಲರೂ ತುಂಬಿದ ಗಾಡಿಗಾಗಿ ಬೇವಿನ ಗಿಡದ ಕೆಳಗೆ ಕಾಯುತ್ತ ನಿಂತರೆ ಗಾಡಿ ತುಂಬುವುದಾದರೂ ಹೇಗೆ? ಅದಕ್ಕೇ ಫಕ್ರುಸಾಬ.

ಬಿಳಿ ಪೈಜಾಮ, ಇಸ್ತ್ರಿ ಮಾಡಿದ ಕೋಟು, ತಲೆಗೆ ಟೊಪ್ಪಿಗೆ, ತೊಡೆಯ ಮೇಲೊಂದು ಚೀಲ. ಖಾಲಿ ಟೆಂಪೊದ ಕಿಟಕಿಯ ಪಕ್ಕ ಕೂತು, "ಲಗೂ ಬಿಡ್ರೋಪಾ, ರೋಣದ ಕೋರ್ಟಿನ್ಯಾಗ ತಾರೀಖ ಐತಿ ನಂದು" ಎಂದು ಗೊಣಗುವನು. ಪಾಪ, ಇವನಿಗೆಷ್ಟು ಅವಸರ ಎಂದು ಒಬ್ಬ ಹತ್ತುವನು, ಆ ಒಬ್ಬನನ್ನು ನೋಡಿ ಮತ್ತಿಬ್ಬರು. ಗಾಡಿ ತುಂಬಿ ಡ್ರೈವರ್ ಕೀಲಿ ತಿರುವಿದ ಕೂಡಲೇ, "ಎಲಿ ಅಡಿಕಿ ತರತೀನಿ ತಡೀರಿ" ಎಂದು ಫಕ್ರುಸಾಬ ಇಳಿಯುವನು. ಅವನ ಜಾಗಕ್ಕೆ ಕೊನೆಯ ಗಿರಾಕಿ ಬಂದು ಕೂತು ಗಾಡಿ ಹೊರಡುವುದು, ಫಕ್ರುಸಾಬ ಹಿಂದಿನ ಗಾಡಿ ಹತ್ತುವುದು. ಅವನ ಮೇಲಿದ್ದಷ್ಟು ತಾರೀಖು ಯಾವ ದರೋಡೆಕೋರನ ಮೇಲೂ ಇರಲಿಲ್ಲ.

ಸೂಡಿ, ರೋಣದ ಕಡೆಯ ಜನಕ್ಕೆ ಈ ಆಟ ತಿಳಿಯದೆ ಇರಲಿಲ್ಲ. ತಿಳಿದೂ ಹತ್ತುತ್ತಿದ್ದರು. ಫಕ್ರುಸಾಬ ಕೂತ ಗಾಡಿ ಬಿಟ್ಟೇ ಬಿಡುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಗಾಡಿಗಳ ಏಜೆಂಟ ಕನಕಪ್ಪ ಅವನಿಗೆ ದಿನದ ಕೂಲಿ ಕೊಡುತ್ತಿದ್ದುದು ಅದಕ್ಕಾಗಿಯೇ.

ಮೊದಲು ಅವನು ನೇಕಾರ. ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದವನು. ಪವರ್‌ಲೂಮು ಬಂದು ಮಗ್ಗ ಮೂಲೆ ಸೇರಿದ ಮೇಲೆ ಅವನಿಗೆ ಉಳಿದ ವಿದ್ಯೆ ಎಂದರೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆ ಕೂಡುವುದು. ಹೆಂಡತಿ ಕಮರುನ್ನಿಸಾ ಮಾತ್ರ ಬೇರೆಯವರ ಮಗ್ಗಗಳಿಗೆ ಕಂಡಿಕೆಗೆ ನೂಲು ಸುತ್ತಿಕೊಟ್ಟು ಮನೆ ನಡೆಸುತ್ತಿದ್ದಳು. "ಊರ ಮಂದೀನೆಲ್ಲಾ ಊರ ಮುಟ್ಟಸ್ತೀರಿ, ನೀವ ಎಲ್ಲಿ ಮುಟ್ಟೀರಿ?" ಎಂದು ಆಗಾಗ ಕೇಳುವಳು. ಅವನು ಚೀಲ ಎತ್ತಿಕೊಂಡು ನಿಲ್ದಾಣಕ್ಕೆ ಹೊರಡುವನು.

ಮಗಳ ಮನೆಯನ್ನೂ ಅವನು ಮುಟ್ಟಿರಲಿಲ್ಲ. ಒಬ್ಬಳೇ ಮಗಳು ನಿಲೋಫರಳನ್ನು ಮುಂಬೈ ಹತ್ತಿರದ ಭಿವಂಡಿಯಲ್ಲಿ ಮಗ್ಗ ನಡೆಸುವ ಉಮರನಿಗೆ ಕೊಟ್ಟಿದ್ದರು. ಲಗ್ನದ ಮರುದಿನ ದಿಬ್ಬಣದ ಗಾಡಿಯಲ್ಲಿ ಮಗಳ ಪಕ್ಕವೇ ಫಕ್ರುಸಾಬ ಕೂತಿದ್ದ. ಗಾಡಿ ತುಂಬಿತು, ಡ್ರೈವರ್ ಕೀಲಿ ತಿರುವಿದ, ಬೀಗರ ಕಡೆಯ ಮುದುಕಿಯೊಬ್ಬಳು ಕೆಳಗೆ ನಿಂತಿದ್ದಳು. ಫಕ್ರುಸಾಬ ಎದ್ದು ಜಾಗ ಕೊಟ್ಟು ಇಳಿದ. "ಹಿಂದಿನ ಗಾಡಿಗೆ ಬರತೀನಿ, ನಡೀರಿ" ಅಂದ. ಹಿಂದೆ ಗಾಡಿಯೇ ಇರಲಿಲ್ಲ. ಮೊಮ್ಮಗ ಹುಟ್ಟಿದಾಗಲೂ ಇದೇ ಕತೆ. ಬಸುರಿ ಮಗಳು ಓಡಾಡಬಾರದೆಂದು ಡಾಕ್ಟರು ಹೇಳಿದ್ದರಿಂದ ಬಾಣಂತನಕ್ಕೆ ಕಮರುನ್ನಿಸಾಳೇ ಅಲ್ಲಿಗೆ ಹೋಗಬೇಕಾಯಿತು. ಗದಗದ ಸ್ಟೇಷನ್ನಿನಲ್ಲಿ ಗಂಡ ಅವಳ ಜೊತೆ ರೈಲು ಹತ್ತಿ ಕೂತ, ಸಿಳ್ಳು ಹೊಡೆದ ಕೂಡಲೇ ಇಳಿದ. ಹೆದರಿಕೆಯೋ ಚಾಳಿಯೋ ಅವನಿಗೇ ಗೊತ್ತಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬುದು ಇಂಥವರನ್ನು ಕಂಡೇ ಹುಟ್ಟಿದ ಮಾತು. ಮೊಮ್ಮಗ ಫರ್ದೀನ ಈಗ ಎರಡು ವರ್ಷದವನು. ಅವನ ಮುಖವನ್ನು ಫಕ್ರುಸಾಬ ಫೋಟೊದಲ್ಲಿ ಮಾತ್ರ ನೋಡಿದ್ದ. "ನಮ್ಮ ಅಬ್ಬಾ ಕೂಡತಾನ, ಬರಂಗಿಲ್ಲ" ಎಂದು ನಿಲೋಫರ ಅತ್ತೆಮನೆಯವರ ಮುಂದೆ ನಕ್ಕಳಂತೆ. ಆ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತ್ತು.

ಇನ್ನು ವಿಮಾನದ ಮಾತು. ಆ ವರ್ಷಗಳಲ್ಲಿ ದೇಶದ ತುಂಬ ಸಣ್ಣ ಸಣ್ಣ ವಿಮಾನ ಕಂಪನಿಗಳು ಮಳೆಗಾಲದ ಅಣಬೆಗಳಂತೆ ಏಳುತ್ತಿದ್ದವು, ಅಣಬೆಯಷ್ಟೇ ದಿನ ಬಾಳುತ್ತಿದ್ದವು. ನಿನ್ನೆ ಹೋಟೆಲು ಇಟ್ಟಿದ್ದವನು, ಮೊನ್ನೆ ಸಿಮೆಂಟು ಮಾರಿದವನು, ಎಲ್ಲರಿಗೂ ಹಾರುವ ಹುಚ್ಚು. ನಮ್ಮ ಕಡೆ ಆ ಹುಚ್ಚು ಹಿಡಿದದ್ದು ನರಗುಂದದ ತೋಟಪ್ಪನವರಿಗೆ. ಹೊಲ, ಹತ್ತಿಯ ಜಿನ್ನು, ಕನಕಪ್ಪನ ಕೈಯಲ್ಲಿ ಗಜೇಂದ್ರಗಡದ ಕಡೆ ಓಡುವ ಹತ್ತಾರು ಟೆಂಪೊ ಇದ್ದ ಕುಳ. ನೆಲದ ಮೇಲೆ ಟೆಂಪೊ ಓಡಿಸಿದವನಿಗೆ ಆಕಾಶದಲ್ಲಿ ಓಡಿಸುವುದು ಏನು ಮಹಾ ಅನ್ನಿಸಿತು. ಮಲಪ್ರಭೆಯ ಹೆಸರಿಟ್ಟು ಕಂಪನಿ ತೆರೆದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ, ಹಾಗೆ ಮೊದಲು ಕ್ಯಾಲೆಂಡರ್ ಬಂತು. ಆಮೇಲೆ ಹುಬ್ಬಳ್ಳಿಯಲ್ಲಿ ಗಾಜಿನ ಆಫೀಸು, ಆಮೇಲೆ ಕೆಂಪು ಟೈ ಕಟ್ಟಿದ ಮ್ಯಾನೇಜರ, ಆಮೇಲೆ ಉದ್ಘಾಟನೆ, ಹೂಮಾಲೆ, ಭಾಷಣ. ಎಲ್ಲಕ್ಕೂ ಕೊನೆಗೆ ಬಂದದ್ದು ವಿಮಾನ. ಅದೂ ಒಂದೇ, ಅದೂ ಬಾಡಿಗೆಯದು, ಯಾವುದೋ ದೇಶ ಸಾಕೆಂದು ಬಿಟ್ಟ ಪಂಖದ ವಿಮಾನ.

ಹುಬ್ಬಳ್ಳಿಯಿಂದ ಮುಂಬೈಗೆ ದಿನವೂ ಹಾರುತ್ತದೆ ಎಂದು ಕ್ಯಾಲೆಂಡರ್ ಹೇಳುತ್ತಿತ್ತು. ವಿಮಾನ ಬೇರೆ ಹೇಳುತ್ತಿತ್ತು. ಸೀಟು ತುಂಬಿದ ದಿನ ಹಾರುವುದು, ತುಂಬದ ದಿನ 'ತಾಂತ್ರಿಕ ಕಾರಣ.' ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದೆರಡು ಸಲ ಕೈ ಸುಟ್ಟುಕೊಂಡ ವ್ಯಾಪಾರಸ್ಥರು ಮತ್ತೆ ರೈಲಿಗೇ ಮರಳಿದರು, ಸೀಟು ಇನ್ನಷ್ಟು ಖಾಲಿಯಾದವು, ತಾಂತ್ರಿಕ ಕಾರಣ ಇನ್ನಷ್ಟು ಹೆಚ್ಚಿತು.

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ ಮುಂಬೈಯ ದೊಡ್ಡ ಮಂದಿ ಕಂಪನಿಯಲ್ಲಿ ಪಾಲು ತೆಗೆದುಕೊಳ್ಳುವ ಮುನ್ನ ಹುಬ್ಬಳ್ಳಿಗೇ ಬಂದು ನೋಡುತ್ತೇವೆ ಎಂದರು. ಬಂದು ಖಾಲಿ ವಿಮಾನ ನೋಡಿದರೆ ಪಾಲು ಯಾರು ಹಾಕುತ್ತಾರೆ? ತೋಟಪ್ಪನವರಿಗೆ ಆಗ ತಮ್ಮ ಟೆಂಪೊಗಳು ನೆನಪಾದವು. ಕನಕಪ್ಪನಿಗೆ ಹೇಳಿ ಕಳಿಸಿದರು. ಕನಕಪ್ಪ ಫಕ್ರುಸಾಬನನ್ನೂ, ಬಜಾರದಲ್ಲಿ ಬಿಳಿ ಬಟ್ಟೆ ಇದ್ದವರನ್ನೆಲ್ಲ ಕೂಡಿಸಿಕೊಂಡು ನರಗುಂದಕ್ಕೆ ಹೋದ.

"ಕುಂತ್ರ ಸಾಕೇನ್ರಿ ಸಾವಕಾರ್ರ, ಇಲ್ಲಾ ಹೋಗೂದೂ ಐತೋ?" ಎಂದು ಫಕ್ರುಸಾಬ ಕೇಳಿದ.

"ಏ, ಹೋಗೂದಽ ಮತ್ತ! ಮುಂಬೈ ನೋಡಿ ಬರ್ರಿ, ಪುಕ್ಕಟೆ" ಎಂದರು ತೋಟಪ್ಪ. ಬಾಯಿ ತುಂಬ ಬೆಲ್ಲ.

ಫಕ್ರುಸಾಬನಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಖುಷಿಗೆ. ವಿಮಾನದ ಬಾಗಿಲು ಹಾಕಿದರೆ ಇಳಿಯಲು ಬರುವುದಿಲ್ಲ ಎಂಬುದೇ ಅವನಿಗೆ ದೊಡ್ಡ ಧೈರ್ಯವಾಗಿತ್ತು. ನಿಲೋಫರಳಿಗೆ ಫೋನು ಹಚ್ಚಿ, "ಬರತೀನವಾ. ಈ ಸಲ ಖರೇನಽ ಬರತೀನಿ" ಎಂದ. ಅವಳು ಯಾವ ದಿನ, ಎಷ್ಟು ಗಂಟೆಗೆ ಎಂದು ಎರಡೆರಡು ಸಲ ಕೇಳಿಕೊಂಡಳು. ಆಮೇಲೆ, "ಫರ್ದೀನನ್ನ ಕರಕೊಂಡು ವಿಮಾನದ ಕಡೇನಽ ಬರತೀವಿ" ಎಂದಳು. ಕಮರುನ್ನಿಸಾ ಮೊಮ್ಮಗನಿಗೆಂದು ಬೆಲ್ಲ, ಕೊಬ್ಬರಿ ಹಾಕಿ ಅಂಟಿನುಂಡಿ ಕಟ್ಟಿಕೊಟ್ಟಳು. ಅವಳ ಮುಖದಲ್ಲೂ ನಂಬಿಕೆ ಪೂರ್ತಿ ಇರಲಿಲ್ಲ, ಆದರೂ ಕೋಟಿಗೆ ತಾನೇ ಇಸ್ತ್ರಿ ಹಾಕಿದಳು.

ದೊಡ್ಡ ಮಂದಿ ಬರುವ ದಿನ ಎಲ್ಲರೂ ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿ ಕೂತರು. ಕೂಡುವುದರಲ್ಲಿ ಫಕ್ರುಸಾಬನಿಗೆ ಸಾಟಿ ಯಾರು? ಕಿಟಕಿಯ ಪಕ್ಕ ಕೂತು, ಸೀಟಿನ ಪಟ್ಟಿ ಬಿಗಿದುಕೊಂಡು, ಕೈ ಗಡಿಯಾರ ನೋಡಿಕೊಳ್ಳುತ್ತ ಅವಸರದ ಮುಖ ಮಾಡಿದ. ಈ ಸಲ ಆ ಅವಸರ ನಾಟಕವಲ್ಲ. ಮುಂಬೈಯ ದೊಡ್ಡ ಮಂದಿ ಬಾಗಿಲಲ್ಲಿ ಬಗ್ಗಿ ಒಳಗೆ ನೋಡಿದರು. ಸಾಲು ಸಾಲು ಟೊಪ್ಪಿಗೆ, ರುಮಾಲು, ತುಂಬಿದ ಸೀಟು. "ವೆರಿ ಗುಡ್" ಎಂದರು. ಪಂಖ ತಿರುಗಿತು, ಫೋಟೊ ತೆಗೆದರು, ತೋಟಪ್ಪನವರು ಅವರನ್ನು ಹೋಟೆಲಿಗೆ ಊಟಕ್ಕೆ ಕಳಿಸಿ ಕಾರಿನ ಬಾಗಿಲು ತಾವೇ ಹಾಕಿದರು. ಕಾರು ಗೇಟು ದಾಟಿದ ಕೂಡಲೇ ಪಂಖ ನಿಂತಿತು.

ಗಗನಸಖಿ ಶೈಲಶ್ರೀ ರೋಣದ ಹುಡುಗಿ. ಮೊದಲು ಇಂಗ್ಲಿಷಿನಲ್ಲಿ ತಾಂತ್ರಿಕ ಕಾರಣ ಹೇಳಿದಳು, ಯಾರೂ ಅಲುಗದ್ದನ್ನು ನೋಡಿ ಕನ್ನಡದಲ್ಲಿ, "ಇಳೀರಿ, ಇವತ್ತ ಹೋಗಂಗಿಲ್ಲ" ಎಂದಳು. ಎಲ್ಲರೂ ಎದ್ದರು. ಕೂಲಿ ಸಿಗುತ್ತದೆ, ಕತ್ತಲಾಗುವ ಮೊದಲೇ ಮನೆ ಸೇರಬಹುದು, ಅವರಿಗೇನು? ಫಕ್ರುಸಾಬ ಒಬ್ಬ ಏಳಲಿಲ್ಲ.

"ಕಾಕಾ, ಏಳ್ರಿ."

"ನಾ ಇಳಿಯಂಗಿಲ್ಲವಾ. ನಮ್ಮ ಮೊಮ್ಮಗ ಅಲ್ಲಿ ಕಾಯಾಕತ್ತೈತಿ."

"ಪೈಲಟ್ ಆಗಳೇ ಇಳದು ಹೋಗ್ಯಾನ್ರಿ ಕಾಕಾ" ಎಂದಳು ಆ ಹುಡುಗಿ. ಅವಳ ಮುಖ ಸಣ್ಣದಾಗಿತ್ತು.

ಕನಕಪ್ಪ ಬಂದು ಕಣ್ಣು ಮಿಟುಕಿಸಿದ, ರೇಗಿದ, ಕೈ ಮುಗಿದ. ಫಕ್ರುಸಾಬ ಪಟ್ಟಿ ಬಿಚ್ಚಲಿಲ್ಲ. ಕೊನೆಗೆ ತೋಟಪ್ಪನವರೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಏನೋ ಫಕ್ರುಸಾಬ, ಕೂಡೂ ಕೆಲಸ ಕೊಟ್ರ ಗುತ್ತಿಗಿ ಹಿಡದೀಯೇನು? ಏನ ಹೊಸದಾಗಿ ಕುಂತಾವನಂಗ ಮಾಡಾಕತ್ತೀಯಲ್ಲ. ನಿನ್ನ ಟೆಂಪೊದಾಗ ನೀ ಮಾಡೂದೂ ಇದಽ ಅಲ್ಲೇನು?"

ಫಕ್ರುಸಾಬ ಜೀವಮಾನದಲ್ಲಿ ಸಾವಕಾರರ ಮುಖಕ್ಕೆ ಮುಖ ಕೊಟ್ಟು ಮಾತಾಡಿದವನಲ್ಲ. ಇವತ್ತು ಕೂತಲ್ಲಿಂದಲೇ ತಲೆ ಎತ್ತಿದ.

"ಹೌದ್ರಿ, ನಾವೂ ಸುಳ್ಳ ಹೇಳತೀವಿ. ಆದ್ರ ಗಾಡಿ ಬಿಡತೀವ್ರಿ, ಸಾವಕಾರ್ರ."

 ಮಾತಿಗೆ ಸಿಕ್ಕಿಬಿದ್ದ ದೊಡ್ಡವರು ಮಾಡುವುದನ್ನೇ ತೋಟಪ್ಪನವರೂ ಮಾಡಿದರು. ಇಬ್ಬರು ಕಾವಲುಗಾರರನ್ನು ಕರೆದು, ಪಟ್ಟಿ ಬಿಚ್ಚಿಸಿ, ರಟ್ಟೆ ಹಿಡಿದು ಅವನನ್ನು ಇಳಿಸಿದರು.

ಈ ಕಂಪನಿಯ ಮುಂದಿನ ಚರಿತ್ರೆ ಇಷ್ಟೇ. ಮುಂಬೈಯ ಜಾಣರು ಪಾಲು ಹಾಕಿದರು. ಟೊಪ್ಪಿಗೆ ಎಣಿಸಿ ವ್ಯಾಪಾರ ಮಾಡುವ ಜಾಣರಿಗೆ ಅದೇ ಆಗಬೇಕು. ವಿಮಾನ ಹಾರಿದ್ದಕ್ಕಿಂತ ನಿಂತದ್ದೇ ಹೆಚ್ಚಾಗಿ, ಮುಂದಿನ ಬೇಸಿಗೆಗೆ ಬಾಡಿಗೆಯವರು ಬಂದು ಅದನ್ನು ಒಯ್ದರು. ಗಾಜಿನ ಆಫೀಸಿನಲ್ಲಿ ಈಗ ಸ್ಟೀಲಿನ ಪಾತ್ರೆಯ ಅಂಗಡಿ. ತೋಟಪ್ಪನವರು ಇವತ್ತಿಗೂ ತಮ್ಮನ್ನು 'ವಿಮಾನದ ತೋಟಪ್ಪ' ಎಂದು ಕರೆಸಿಕೊಳ್ಳುತ್ತಾರೆ, ನಾಚಿಕೆ ಎಂಬುದು ಹತ್ತಿಯ ಜಿನ್ನಿನಲ್ಲಿ ತಯಾರಾಗುವ ಮಾಲಲ್ಲವಲ್ಲ.

ಅವರ ಸುದ್ದಿ ಸಾಕು. ಫಕ್ರುಸಾಬ ಅಂದು ವಿಮಾನ ನಿಲ್ದಾಣದ ಹೊರಗಿನ ಅಂಗಡಿಯಿಂದ ಮಗಳಿಗೆ ಫೋನು ಹಚ್ಚಿದ. ಆ ಕಡೆ ಗದ್ದಲ, ಮಗುವಿನ ಅಳು.

"ವಿಮಾನ ಬಿಡಲಿಲ್ಲವಾ" ಎಂದ.

"ಇಳದಿ ಹೌದಿಲ್ಲೋ, ಅಬ್ಬಾ?"

"ನಾ ಇಳದಿಲ್ಲವಾ, ಇಳಿಸ್ಯಾರ."

"ನನಗ ಎರಡೂ ಒಂದಽ" ಎಂದಳು ನಿಲೋಫರ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ದಣಿವಿತ್ತು. "ಇರಲಿ ತಗೋ, ಊರಿಗೆ ಹೋಗು. ಊಟ ಮಾಡು" ಎಂದು ಫೋನು ಇಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಊಟ ಮಾಡು ಅಂದದ್ದನ್ನು ತಡೆದುಕೊಳ್ಳಲಾಗಲಿಲ್ಲ, ಅಂಗಡಿಯವನ ಎದುರಿಗೇ ಕಣ್ಣೊರೆಸಿಕೊಂಡ.

ಕನಕಪ್ಪನ ಟೆಂಪೊ ಗಜೇಂದ್ರಗಡದ ಕಡೆ ಮುಖ ಮಾಡಿ ನಿಂತಿತ್ತು. ಉಳಿದವರು ಕೂತು ನಗುತ್ತಿದ್ದರು. "ಬಾರೋ ಫಕ್ರುಸಾಬ, ಕೋರ್ಟಿಗೆ ಹೊತ್ತಾತು" ಎಂದು ಯಾರೋ ಕೂಗಿದರು. ಅವನು ಆ ಕಡೆ ತಿರುಗಿ ನೋಡದೆ ಹುಬ್ಬಳ್ಳಿಯ ಬಸ್ ನಿಲ್ದಾಣಕ್ಕೆ ನಡೆದ. ಮುಂಬೈಯ ಬಸ್ಸು ಹೋಗಿಯಾಗಿತ್ತು. ಅದೇ ದಾರಿಯಲ್ಲಿ ಅರ್ಧದವರೆಗೆ ಹೋಗುವ ಕೊಲ್ಹಾಪುರದ ಕೆಂಪು ಬಸ್ಸು ಎದುರಿಗೆ ಸಿಕ್ಕಿತು, ಹತ್ತಿ ಕೂತ.

ಬಸ್ಸು ತುಂಬಿತು. ಬಾಗಿಲಲ್ಲಿ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಜಾಗಕ್ಕಾಗಿ ಕಣ್ಣಾಡಿಸುತ್ತಿದ್ದಳು. ಡ್ರೈವರ್ ಎಂಜಿನ್ನು ಶುರು ಮಾಡಿದ. ಫಕ್ರುಸಾಬನ ಕಾಲು ತಾವೇ ಎದ್ದವು. ಇಷ್ಟು ವರ್ಷ ಆ ಸದ್ದಿಗೆ ಎದ್ದ ಕಾಲು. ಎದ್ದು ನಾಲ್ಕು ಹೆಜ್ಜೆ ಇಟ್ಟೂ ಬಿಟ್ಟ, ಬಾಗಿಲು ತೆರೆದೇ ಇತ್ತು, ಅವನ ಸೀಟಿನಲ್ಲಿ ಆ ಹೆಂಗಸು ಕೂತೂ ಆಯಿತು.

"ಇಳಿತೀರೇನ್ರಿ ಯಜಮಾನ್ರ? ಲಗೂ ಇಳೀರಿ" ಎಂದ ಕಂಡಕ್ಟರ್.

ಫಕ್ರುಸಾಬ ಮೇಲಿನ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡ. ಬಸ್ಸು ಅಲುಗಿತು, ನಿಲ್ದಾಣ ಹಿಂದೆ ಸರಿಯಿತು. ಅವನು ಹಿಡಿತ ಬಿಡಲಿಲ್ಲ.

"ಇಲ್ರಿ. ಟಿಕೀಟ ಕೊಡ್ರಿ."

"ಎಲ್ಲಿಗೆ?"

"ಭಿವಂಡಿಗೆ."

"ಈ ಬಸ್ಸ ಅಲ್ಲಿಗೆ ಹೋಗಂಗಿಲ್ರಿ."

"ಬಸ್ಸ ಹೋಗದಿದ್ರ ಬಿಡ್ರಿ," ಎಂದ ಫಕ್ರುಸಾಬ, "ನಾ ಹೊಂಟೀನಿ."