ನರಗುಂದದವನೋ, ಮುಶಿಗೇರಿಯವನೋ

ಟ್ರಂಕಿನ ತಳದಿಂದ ಮೊನ್ನೆ ಒಂದು ಹಸಿರು ಸೀರೆ ಹೊರಬಂತು. ಒಡಲಿನ ನಡುವೆ ಬೆರಳಗಲದ ಒಂದು ಪಟ್ಟಿ, ಉಳಿದ ನೇಯ್ಗೆಗಿಂತ ಬಿಗಿ, ಬಣ್ಣವೂ ಅಲ್ಲಿ ಗಾಢ. ನೇಯ್ದವರು ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ. ಆ ಪಟ್ಟಿಗೆ ಕಾರಣ ನಾನು, ಇಲ್ಲವೇ ಕಬಡ್ಡಿ.

ನಮ್ಮಿಬ್ಬರ ಮಗ್ಗಗಳ ನಡುವೆ ಇದ್ದದ್ದು ಒಂದೇ ಗೋಡೆ. ಅದೂ ಜಂತಿಯವರೆಗೆ ಏರದ ಗೋಡೆ, ಈಚೆಯ ಮಾತು ಆಚೆಗೆ ಸಲೀಸಾಗಿ ಹೋಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಓಣಿಯವರೆಲ್ಲ ನನ್ನ ಜೊತೆ ದನಿ ತಗ್ಗಿಸಿ ಮಾತಾಡತೊಡಗಿದ್ದರು. ಅಯ್ಯೋ ಪಾಪ ಅನ್ನುವ ಆ ಮುಖಗಳನ್ನು ನೋಡಿ ನೋಡಿ ನನಗೆ ತಲೆ ಕೆಟ್ಟಿತ್ತು. ಕಾಕಾ ಒಬ್ಬರೇ ನನ್ನ ಜೊತೆ ಮೊದಲಿನಂತೆ ಜಗಳ ಆಡುತ್ತಿದ್ದರು.

ನಮ್ಮ ಕಡೆಯ ಕಬಡ್ಡಿ ದಾಳಿಗಾರರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು? ಜಗಳ ಇದೇ. ಕಾಕಾ ನರಗುಂದದವನ ಕಡೆ. ಕೋಣನಂಥ ಆಳು, ನಾಲ್ಕು ಜನ ಸೊಂಟಕ್ಕೆ, ಕಾಲಿಗೆ ಜೋತುಬಿದ್ದರೂ ಅಷ್ಟೂ ಜನರನ್ನು ಎಳೆದುಕೊಂಡೇ ನಡುಗೆರೆಗೆ ಬರುತ್ತಿದ್ದನಂತೆ. ನನ್ನವನು ಮುಶಿಗೇರಿಯವನು. ಕಡ್ಡಿಯಂಥ ಮೈ. ತವರೂರು ಅಸೂಟಿಯಲ್ಲಿ ಅವನ ಆಟವನ್ನು ಕಣ್ಣಾರೆ ನೋಡಿದ್ದೆ. ಹಿಡಿಯಲು ಹಾರಿದವರಿಗೆ ಅವನು ನಿಂತಿದ್ದ ಜಾಗ ಮಾತ್ರ ಸಿಗುತ್ತಿತ್ತು. ಅವನಿಗೆ ಮೀಸೆ ಮೂಡುವ ಹೊತ್ತಿಗೆ ನರಗುಂದದವನು ಆಟ ಬಿಟ್ಟಾಗಿತ್ತು, ಇಬ್ಬರೂ ಎದುರುಬದುರಾಗಲೇ ಇಲ್ಲ. ಹಾಗಾಗಿ ನಮ್ಮ ಜಗಳ ಮುಗಿದುಹೋಗುವ ಭಯವಿರಲಿಲ್ಲ.

“ತಪ್ಪಿಸ್ಕೊಂಡು ಓಡೂದು ಆಟೇನವಾ? ಮೈಮ್ಯಾಲ ನಾಕ ಮಂದಿ ಬಿದ್ರೂ ಗೆರಿ ಮುಟ್ಟಬೇಕು,” ಅನ್ನುತ್ತಿದ್ದರು ಕಾಕಾ.

“ಕೈಗೆ ಸಿಕ್ಕ ಮ್ಯಾಲಲ್ಲೇನ್ರಿ ಕಾಕಾ ಎಳಿಯೂದು? ನಮ್ಮಾಂವ ಸಿಗತಿದ್ದಿಲ್ಲ.”

ಆಗ ಆಚೆಯ ಮಗ್ಗದ ಸದ್ದು ಜೋರಾಗುತ್ತಿತ್ತು. ಉತ್ತರ ಹೊಳೆಯದಿದ್ದರೆ ಕಾಕಾನ ಸಿಟ್ಟೆಲ್ಲ ಕೈಗೆ ಬರುತ್ತಿತ್ತು. ಹಲಗೆ ಎಳೆದು ನೂಲನ್ನು ಬಡಿಬಡಿದು ಕೂರಿಸುತ್ತಿದ್ದರು. ಅಷ್ಟು ಜಾಗ ಸೀರೆಯಲ್ಲಿ ಬಿಗಿ ಪಟ್ಟಿಯಾಗಿ ಕಾಣುತ್ತಿತ್ತು. ನಮಗೆ ನೂಲು ಕೊಟ್ಟು ನೇಯಿಸುತ್ತಿದ್ದ ಸಾಹುಕಾರರು ಸೀರೆ ಬಿಡಿಸಿ ಬೆಳಕಿಗೆ ಹಿಡಿದು, “ಇಲ್ಲಿ ಯಾರ ಗೆದ್ರು?” ಎಂದು ಕೇಳಿ ನಗುತ್ತಿದ್ದರು. ಈ ಹಸಿರು ಸೀರೆಯನ್ನು ಮಾತ್ರ ನಗದೇ ವಾಪಸು ಕೊಟ್ಟರು. “ನಿನ್ನ ಮುಶಿಗೇರಿಯಾಂವ ಕೆಡಿಸಿದ ಸೀರಿ ಇದು, ನೀನ ಉಟಗೋ,” ಎಂದು ಕಾಕಾ ಅದನ್ನು ನನ್ನ ಕಟ್ಟೆಯ ಮೇಲೆ ಇಟ್ಟು ಹೋದರು.

ಆಮೇಲೆ ಅವರಿಗೆ ಕೆಮ್ಮು ಹತ್ತಿಕೊಂಡಿತು. ದವಾಖಾನೆಯಿಂದ ಬಂದವರು ಮಗ್ಗದ ಕುಣಿಗೆ ಇಳಿಯಲಿಲ್ಲ, ಗೋಡೆಯ ಪಕ್ಕ ಮಲಗಿಬಿಟ್ಟರು. ಒಂದು ಮಧ್ಯಾಹ್ನ ಕೆಣಕಬೇಕೆಂದೇ ಲಾಳಿ ನಿಲ್ಲಿಸಿ ಕೂಗಿದೆ: “ಏನರ ಅನ್ರಿ ಕಾಕಾ, ಮುಶಿಗೇರಿಯಾಂವನ ದೊಡ್ಡಾಂವ.”

ಆಚೆಯಿಂದ ಮೊದಲು ಕೆಮ್ಮು ಕೇಳಿತು, ಆಮೇಲೆ ಕಾಕಾನ ಮಾತು.

“ಖರೇ ಐತವಾ. ಅಂವನ ದೊಡ್ಡಾಂವ.”

ಎಷ್ಟೋ ವರ್ಷ ಆ ಮಾತಿಗಾಗಿ ಜಗ್ಗಾಡಿದ್ದೆ. ಕೇಳಿದ ಕೂಡಲೇ ಮಗ್ಗದಿಂದ ಎದ್ದು ಅವರ ಮನೆಗೆ ಓಡಿದೆ.

“ಹಾಂಗ ಹ್ಯಾಂಗ ಅಂತೀರಿ? ನಾಕ ಮಂದೀನ ಎಳಕೊಂಡು ಬಂದಾಂವ ಸಣ್ಣಾಂವ ಆದನೇನ್ರಿ? ಜಗಳಾ ಆಡ್ರಿ ಕಾಕಾ.”

ನರಗುಂದದವನ ಪರವಾಗಿ ನಾನೇ ವಾದ ಮಾಡಿದೆ. ಅವರದೇ ಮಾತುಗಳನ್ನು ಒಂದೂ ಬಿಡದೆ ಅವರಿಗೇ ಹೇಳಿದೆ. ಕಾಕಾ ಕಣ್ಣು ತೆರೆದು ನಕ್ಕರು. “ಸಾಕು ಬಿಡವಾ, ದಣದೀನಿ,” ಅಂದರು. ಮುಂದಿನ ಅಮಾವಾಸ್ಯೆ, ಓಣಿಯ ಮಗ್ಗಗಳಿಗೆಲ್ಲ ರಜೆ ಇದ್ದ ದಿನ, ಹೋಗಿಬಿಟ್ಟರು. ಗೆದ್ದೆನೆಂದು ನನಗೆ ಇವತ್ತಿಗೂ ಅನಿಸಿಲ್ಲ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಒಳ್ಳೆಯ ಜನ. ಸಂಜೆ ಟೀವಿಯಲ್ಲಿ ಕಬಡ್ಡಿ ಬಂದರೆ ನನ್ನನ್ನೂ ಕರೆದು ಕೂರಿಸುತ್ತಾರೆ. ಸೀರೆ ಸಿಕ್ಕ ದಿನವೂ ಕರೆದರು. ನೋಡುತ್ತ ಕೂತವಳು ತಡೆಯಲಾರದೆ ಅಂದೆ: “ಇವರೆಲ್ಲಾ ಇರಲಿ, ನಮ್ಮ ಮುಶಿಗೇರಿಯಾಂವನಂಥ ಆಟಗಾರ ಮತ್ತೊಬ್ಬ ಹುಟ್ಟಿಲ್ಲ.” ಅಂದು, ಸುಮ್ಮನೆ ಕಾದೆ.

“ಹೌದ್ರಿ ದೊಡ್ಡವ್ವ, ಇದ್ದಿರಬೇಕ್ರಿ,” ಎಂದು ಆ ಮನೆಯ ಸೊಸೆ ಚಹಾ ಕೊಟ್ಟಳು. ಉಳಿದವರೂ ತಲೆಯಾಡಿಸಿದರು. ಒಬ್ಬರಾದರೂ ಇಲ್ಲ ಅನ್ನಲಿಲ್ಲ.