ಹಿಂದಿನ ಸೀಟಿನ ಭಾರ

ನಮ್ಮ ಹಳೆಯ ಕಾರು ನೆಟ್ಟಗೆ ಓಡಬೇಕಾದರೆ ಪೆಟ್ರೋಲಿನ ಜೊತೆಗೆ ದೊಡ್ಡಪ್ಪನೂ ಇರಬೇಕಾಗಿತ್ತು.

ಅದು ಅಪ್ಪ ಕೊಂಡ ಗಾಡಿ. ಮುಂದೆ ಎರಡು ಗುಂಡು ದೀಪ, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಅಪ್ಪನ ನಂತರ ನನ್ನ ಕೈಗೆ ಬರುವ ಹೊತ್ತಿಗೆ ಅದರ ಮುಂಭಾಗ ಮಾತ್ರ ಗಂಭೀರವಾಗಿ ಉಳಿದಿತ್ತು. ಒಂದು ಹಂಪ್ ದಾಟಿದರೆ ಹಿಂಭಾಗ ಮುಂದಿನ ಹಂಪ್ ಬರುವವರೆಗೂ ಕುಣಿಯುತ್ತಿತ್ತು. ಹಿಂದೆ ಕೂತವರ ತಲೆ ಮೇಲಿನ ತಗಡಿಗೆ ತಾಗದಂತೆ ಮಾಡಲು ನಮ್ಮ ಮನೆಯವರು ಕಂಡುಕೊಂಡ ಉಪಾಯ ಒಂದೇ: ದೊಡ್ಡಪ್ಪನನ್ನು ಸೀಟಿನ ನಟ್ಟನಡುವೆ ಕೂರಿಸುವುದು. ಅಡಿಕೆ ಮಂಡಿಯಲ್ಲಿ ಜೀವಮಾನವಿಡೀ ಮೂಟೆ ತೂಗಿಸಿದ ಮನುಷ್ಯ ಅವರು. ತಮ್ಮ ತೂಕವನ್ನು ಮಾತ್ರ ಯಾರಿಗೂ ಹೇಳಿದವರಲ್ಲ. ಅವರು ಕೂತರೆ ಗಾಡಿ ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿತ್ತು.

ಭಾನುವಾರ ಬಂತೆಂದರೆ ನಾನೂ ನನ್ನ ಹೆಂಡತಿಯೂ ಭದ್ರಾವತಿಯ ನ್ಯೂಟೌನಿನಲ್ಲಿರುವ ಅತ್ತೆಯ ಮನೆಗೆ ಊಟಕ್ಕೆ ಹೋಗುವುದು ರೂಢಿ. ಅತ್ತೆ ಎಂದರೆ ಅಪ್ಪನಿಗೂ ದೊಡ್ಡಪ್ಪನಿಗೂ ಒಬ್ಬಳೇ ತಂಗಿ. ಹೊರಡುವ ಮೊದಲು ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇದ್ದ ದೊಡ್ಡಪ್ಪನ ಮನೆ ಮುಂದೆ ನಿಂತು ಹಾರನ್ ಹೊಡೆಯುತ್ತಿದ್ದೆ.

"ದೊಡ್ಡಪ್ಪ, ಬನ್ನಿ. ನೀವು ಕೂರದಿದ್ರೆ ಗಾಡಿ ಹಾರುತ್ತೆ."

"ನಂಗೇನು ಬೇರೆ ಕೆಲ್ಸ ಇಲ್ವಾ ಮಾರಾಯ?" ಎನ್ನುತ್ತಾ ಅವರು ಬರುವಾಗ ಮೈಮೇಲೆ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನೀರಿನ ಬಾಟಲಿ ಇರುತ್ತಿದ್ದವು.

ಆ ಬಾಟಲಿಯ ಕಥೆ ಹೇಳಲೇಬೇಕು. ಒಮ್ಮೆ ಅತ್ತೆಯ ಮನೆಯಲ್ಲಿ ಕಾಫಿ ಕುಡಿಯುತ್ತಾ ದೊಡ್ಡಪ್ಪ, "ಪುಡಿ ಒಳ್ಳೇದೇ. ಈ ಭದ್ರೆ ನೀರಿಗೆ ರುಚಿ ಇಲ್ಲ ನೋಡು. ನಮ್ಮ ಗಾಜನೂರಿನ ತುಂಗೆ ನೀರಾಗಿದ್ರೆ..." ಎಂದುಬಿಟ್ಟರು. ಅತ್ತೆಯ ಗಂಡ, ಅಂದರೆ ನನ್ನ ಮಾವ, ಭದ್ರಾವತಿಯಲ್ಲೇ ಹುಟ್ಟಿ ಬೆಳೆದವರು. "ಹಂಗಾದ್ರೆ ಭಾವ, ರುಚಿ ಇರೋ ಕಡೆನೇ ಕುಡೀರಿ" ಎಂದರು. "ಇನ್ನು ನಾನಾಗಿ ಈ ಹೊಸಿಲು ತುಳಿಯಲ್ಲ" ಎಂದರು ದೊಡ್ಡಪ್ಪ. "ನಾನೂ ಕರೆಯಲ್ಲ" ಎಂದರು ಮಾವ. ಇಬ್ಬರೂ ಮಾತಿಗೆ ತಪ್ಪಿದವರಲ್ಲ. ಆದರೆ ಕಾರಿನ ಕುಣಿತ ನಿಲ್ಲಿಸಲು ಹೋಗುವುದನ್ನು "ನಾನಾಗಿ ಹೋಗುವುದು" ಎನ್ನಲಾದೀತೇ? ಹೀಗೆ ದೊಡ್ಡಪ್ಪ ವಾರವಾರವೂ ತಮ್ಮ ಬಾಟಲಿಯ ತುಂಗೆ ನೀರಿನೊಂದಿಗೆ ನನ್ನ ಗಾಡಿಯ ಭಾರವಾಗಿ ಬಂದು, ತಂಗಿಯ ಕೈಯ ಅಂಬೊಡೆ ತಿಂದು, ಮಾವನ ಜೊತೆ ಜಗಳವಾಡಿ ಸಂತೋಷವಾಗಿ ಮರಳುತ್ತಿದ್ದರು.

ಎಡವಟ್ಟಾದದ್ದು ಅವರಿಗೆ ಜ್ವರ ಬಂದ ಭಾನುವಾರ. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಹುಳಿಯ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೊದಲ ಹಂಪಿಗೆ ಮುಚ್ಚಳ ಹಾರಿತು, ಎರಡನೆಯದಕ್ಕೆ ಹುಳಿ. ಅತ್ತೆಯ ಮನೆ ತಲುಪುವಾಗ ಅವಳ ಸೀರೆಯ ಮೇಲೆ ಒಂದಿಡೀ ನುಗ್ಗೆಕಾಯಿ ತೋಟವಿತ್ತು.

"ಒಂದೋ ಈ ಗಾಡಿ ರಿಪೇರಿ ಮಾಡ್ಸಿ, ಇಲ್ಲ ನೀವೊಬ್ರೇ ಓಡಾಡಿ. ನಾನು ಬಸ್ಸಲ್ಲಿ ಬರ್ತೀನಿ" ಎಂದಳು.

ಮೆಕ್ಯಾನಿಕ್ಕಿನ ಬಳಿ ಹೊರಟಾಗ, ಆಗಲೇ ಜ್ವರ ಬಿಟ್ಟಿದ್ದ ದೊಡ್ಡಪ್ಪ ಕರೆಯದೆಯೇ ಬಂದು ಹಿಂದೆ ಕೂತರು. ದಾರಿಯುದ್ದಕ್ಕೂ ವಾದ: "ಟೈರಿಗೆ ಗಾಳಿ ಜಾಸ್ತಿಯಾಗಿದೆ, ಅಷ್ಟೇ. ರಸ್ತೆ ಸರಿ ಇಲ್ಲದಿದ್ರೆ ಗಾಡಿ ಏನು ಮಾಡುತ್ತೆ?"

ಮೆಕ್ಯಾನಿಕ್ ಸಾಹೇಬರು ಬಾಯಿಬಡುಕರು. ತಾವೇ ಸ್ಟೀರಿಂಗ್ ಹಿಡಿದು ಒಂದು ಸುತ್ತು ಹಾಕಿ ಬಂದರು. "ಕ್ಯಾ ಸಾಬ್, ಮಕ್ಖನ್ ಇದ್ದಂಗಿದೆ! ಬೆಣ್ಣೆ! ಇದಕ್ಕೇನು ರಿಪೇರಿ ಮಾಡ್ಲಿ?"

"ನಾನು ಹೇಳ್ಲಿಲ್ವಾ?" ಎಂದರು ದೊಡ್ಡಪ್ಪ, ಸೀಟಿನ ನಡುವಿನಿಂದ ಕದಲದೆ.

ಸಾಹೇಬರು ಇನ್ನೊಂದು ಸುತ್ತು ಹೋದರು. ಆಗಲೂ ಬೆಣ್ಣೆಯೇ. ಕೊನೆಗೆ ಕನ್ನಡಿಯಲ್ಲಿ ಹಿಂದೆ ನೋಡಿದವರು ಹುಬ್ಬು ಹಾರಿಸಿ, "ಯಜಮಾನ್ರೇ, ಒಂದ್ನಿಮಿಷ ಇಳೀರಿ" ಎಂದರು.

"ಮೊಣಕಾಲು ನೋವು."

"ನಾನು ಕೈ ಹಿಡೀತೀನಿ, ಬನ್ನಿ."

ದೊಡ್ಡಪ್ಪ ಇಳಿದರು. ಗಾಡಿಯ ಹಿಂಭಾಗ ಎದ್ದು ನಿಂತಿತು. ಸಾಹೇಬರು ಡಿಕ್ಕಿಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಒಮ್ಮೆ ಮೇಲೆದ್ದು ನಿಲ್ಲಬೇಕಾಗಿದ್ದ ಗಾಡಿ, ಕೇಳಿದ್ದಕ್ಕೆಲ್ಲ ಹೂಂಗುಟ್ಟುವ ಹೊಸ ಅಳಿಯನ ಹಾಗೆ ತಲೆಯಾಡಿಸುತ್ತಲೇ ಇತ್ತು.

"ರೋಗ ಸಿಕ್ತು ಸಾಬ್! ಇಷ್ಟೊತ್ತೂ ಔಷಧಿ ಒಳಗೇ ಕೂತಿತ್ತು. ಎಲ್ಲಿಂದ ಕಾಣ್ಬೇಕು?"

ಅಡಿಯಲ್ಲಿ ತೂರಿ ನೋಡಿ ಎರಡೂ ಶಾಕ್ ಅಬ್ಸಾರ್ಬರುಗಳನ್ನು ತೋರಿಸಿದರು. ಒಳಗಿದ್ದ ಎಣ್ಣೆ ಸೋರಿ, ಹೊರಗೆ ಧೂಳಿನೊಂದಿಗೆ ಸೇರಿ ಕಪ್ಪು ಹಲ್ವದಂತಾಗಿತ್ತು. ತುದಿಯ ರಬ್ಬರು ಪುಡಿಪುಡಿ. ಹಿಂದಿನ ಟೈರುಗಳು ಅಲ್ಲಲ್ಲಿ ಕಚ್ಚಿ ತಿಂದಂತೆ ಸವೆದಿದ್ದವು. ಕುಣಿದ ಚಕ್ರ ನೆಲವನ್ನು ಸಮವಾಗಿ ಮುಟ್ಟುವುದಿಲ್ಲವಂತೆ. ಆ ಕಾಲದ ಹೊಸ ಜೋಡಿ ಎಲ್ಲೂ ಸಿಗುವುದಿಲ್ಲವೆಂದು, ಇದ್ದವನ್ನೇ ಬಿಚ್ಚಿಸಿ ಹೊಸ ಸೀಲು, ಹೊಸ ಎಣ್ಣೆ, ಹೊಸ ರಬ್ಬರು ಹಾಕಿಸಿದರು. ಮತ್ತೆ ಕೂರಿಸಿ ಡಿಕ್ಕಿ ಒತ್ತಿ ಬಿಟ್ಟಾಗ ಗಾಡಿ ಒಮ್ಮೆ ಎದ್ದು ಗಪ್‌ಚಿಪ್ ನಿಂತಿತು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ದೊಡ್ಡಪ್ಪ ಮಾತ್ರ ರಸ್ತೆಯ ಕಡೆ ತಿರುಗಿ, "ಚೆನ್ನಾಗಾಯ್ತು ಬಿಡು" ಎಂದರು.

ಮುಂದಿನ ಭಾನುವಾರ ಎಂದಿನಂತೆ ಹಾರನ್ ಹೊಡೆದೆ. ದೊಡ್ಡಪ್ಪ ಬಾಗಿಲಿಗೆ ಬಂದರು. ಮೈಮೇಲೆ ಬನಿಯನ್ನು.

"ಗಾಡಿ ಸರಿಯಾಯ್ತಲ್ಲೋ. ಇನ್ನು ನಾನ್ಯಾಕೆ?"

"ಸುಮ್ನೆ ಬನ್ನಿ ದೊಡ್ಡಪ್ಪ."

"ಸುಮ್ನೆ ಹೆಂಗೆ ಬರ್ಲಿ? ಹೇಳಿದ ಮಾತು ಅಂತ ಒಂದಿರುತ್ತಲ್ಲ" ಎಂದು ಒಳಗೆ ಹೋದರು. ಕಾರು ಹೊರಟ ಮೇಲೆ ನನ್ನ ಹೆಂಡತಿ, "ರಿಪೇರಿ ಮಾಡ್ಸಿ ಅಂದಿದ್ದು ನಾನೇ. ಪಾಪ, ಅವರ ದಾರಿನೇ ಮುಚ್ಚಿಬಿಟ್ವಲ್ರೀ" ಎಂದಳು. ಹಂಪುಗಳು ಗೊತ್ತೇ ಆಗಲಿಲ್ಲ. ಅದೂ ಖುಷಿ ಕೊಡಲಿಲ್ಲ.

ಅತ್ತೆಯ ಮನೆಯ ಗೇಟಿನಲ್ಲಿ ಮಾವ ನಿಂತಿದ್ದರು. ಹಿಂದಿನ ಸೀಟಿಗೆ ಬಗ್ಗಿ ನೋಡಿದರು. ಅಲ್ಲಿ ನನ್ನ ಹೆಂಡತಿಯೂ ಹುಳಿಯ ಪಾತ್ರೆಯೂ ಮಾತ್ರ.

"ಎಲ್ಲೋ ನಿನ್ನ ಭಾರ?"

"ರಿಪೇರಿ ಆಯ್ತು ಮಾವ. ಅದಕ್ಕೆ ಬರಲ್ಲ ಅಂದ್ರು."

ಒಳಗೆ ಅಂಬೊಡೆ ಕರಿಯುತ್ತಿದ್ದ ಅತ್ತೆ ಇದನ್ನು ಕೇಳಿ ಒಲೆ ಆರಿಸಿದರು. ಮಾವ ಗಾಡಿಗೆ ಒಂದು ಪ್ರದಕ್ಷಿಣೆ ಬಂದರು. ಕಬ್ಬಿಣದ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು ಅವರು. ಡಿಕ್ಕಿ ಒತ್ತಿ ಬಿಟ್ಟರು. ಗಾಡಿ ಎದ್ದು ನಿಂತಿತು. ಮಾವ ಮುಖ ಸಿಂಡರಿಸಿದರು.

"ಭಾರ ಹಾಕಿ ನೋಡಿದ್ರೇನೋ?"

"ಇಲ್ಲ ಮಾವ."

"ಭಾರ ಹಾಕ್ದೆ ಯಾವನಯ್ಯ ಇದನ್ನ ಪಾಸ್ ಮಾಡಿದ್ದು? ತಿರುಗಿಸು ಗಾಡಿ!"

ಪಂಚೆಯುಟ್ಟವರು ಹಾಗೆಯೇ ಹತ್ತಿದರು. ಹೆಂಡತಿಯನ್ನು ಅತ್ತೆಯ ಬಳಿ ಇಳಿಸಿ, ಊಟ ಬಿಟ್ಟು ನಾನೂ ಮಾವನೂ ಶಿವಮೊಗ್ಗಕ್ಕೆ ವಾಪಸ್ಸು. ವಿನೋಬನಗರದಲ್ಲಿ ಮಾವ ದೊಡ್ಡಪ್ಪನ ಗೇಟಿನ ಹೊರಗೇ ನಿಂತು ಕೂಗಿದರು.

"ಭಾವ! ನಾನೇನು ಕರೆಯೋಕೆ ಬಂದಿಲ್ಲ. ಗಾಡಿ ಭಾರ ತಡೆಯುತ್ತೋ ಇಲ್ವೋ ನೋಡ್ಬೇಕು. ನಮ್ಮೂರಲ್ಲಿ ಇಷ್ಟು ತೂಕದ್ದು ಸಿಗ್ಲಿಲ್ಲ."

"ನಿಮ್ಮೂರಲ್ಲಿ ಏನು ತಾನೇ ಸಿಗುತ್ತೆ?" ಎಂಬ ಉತ್ತರ ಒಳಗಿನಿಂದಲೇ ಬಂತು. ಅದರ ಹಿಂದೆಯೇ ದೊಡ್ಡಪ್ಪ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ.

ಇಬ್ಬರೂ ಹಿಂದೆ ಕೂತರು. ರಿಪೇರಿಯಾದ ಗಾಡಿಯಲ್ಲಿ ಸದ್ದಿಲ್ಲದ್ದರಿಂದ ಪ್ರತಿ ಮಾತೂ ನನಗೆ ಕೇಳುತ್ತಿತ್ತು.

"ಹೆಂಗಿದೆ?" ಎಂದರು ದೊಡ್ಡಪ್ಪ.

"ಒಂದೇ ಸಲಕ್ಕೆ ಹೇಳಕ್ಕಾಗಲ್ಲ ಭಾವ. ಬಿಸಿಲಲ್ಲಿ ನೋಡ್ಬೇಕು, ಚಳೀಲಿ ನೋಡ್ಬೇಕು."

"ಮಳೆಗಾಲದಲ್ಲಿ?"

"ಅದು ಬೇರೆನೇ ಪರೀಕ್ಷೆ" ಎಂದರು ಮಾವ. "ಸ್ವಲ್ಪ ಆ ಕಡೆ ಸರೀರಿ."